ಉಪ್ಪು ಹೊರಗೆ, ಸಕ್ಕರೆ ಒಳಗೆ

ಮಾರ್ಚ್ ೩, ಸೋಮವಾರ

ಈ ಪುಸ್ತಕವನ್ನು ಮಗಳು ತಂದುಕೊಟ್ಟಳು. ಪ್ರೀತಿ ಉಕ್ಕಿ ಬಂದು ಕೊಟ್ಟದ್ದಲ್ಲ. ನಿನ್ನೆ ನಮ್ಮ ಐಸ್ ಕ್ರೀಮ್ ಅಂಗಡಿಯಲ್ಲಿ ಒಬ್ಬಳು ಬಾದಾಮಿ, ಕಾಫಿ, ನಿಂಬೆ ಎಲ್ಲದರ ರುಚಿ ನೋಡಿ, ಕೊಳ್ಳುವುದು ಬಿಟ್ಟು ಮತ್ತೆ ಬಾದಾಮಿಗೇ ಚಮಚ ಚಾಚಿದಳು. ಊಟ ಆಯಿತು, ಇನ್ನು ಮಲಗಲು ಚಾಪೆ ಹಾಸಲೇ ಎಂದು ಕೇಳಿದೆ. ಮುಖ ಊದಿಸಿಕೊಂಡು ಹೋದಳು. ಸಂಜೆ ಮಗಳು ಈ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ, "ಅಮ್ಮಾ, ಬೈಬೇಕು ಅನ್ನಿಸಿದಾಗ ಇದರಲ್ಲಿ ಬೈಕೋ. ಗಿರಾಕಿಗಳನ್ನ ಬಿಟ್ಬಿಡು," ಅಂದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಕಂಡರೆ ಈಗಲೂ ಪಕ್ಕಕ್ಕೆ ಸರಿದು ನಡೆಯುತ್ತೇನೆ. ಆದರೆ ಬಯ್ಯುವುದಕ್ಕೆ ಎಷ್ಟು ಅಕ್ಷರ ಬೇಕು.

ಮೊದಲ ಬೈಗುಳ ನಮ್ಮವರಿಗೇ ಸಲ್ಲಲಿ. ಮೇಲೆ ಮನೆ, ಕೆಳಗೆ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಇವರು ಮರದ ಪೀಪಾಯಿಯ ಮುಂದೆ ಕೂತು ಹಿಡಿ ತಿರುಗಿಸುತ್ತಾರೆ. ಪೀಪಾಯಿಯ ನಡುವೆ ಹಾಲಿನ ಡಬ್ಬಿ, ಸುತ್ತ ಒಡೆದ ಐಸು, ಐಸಿನ ಮೇಲೆ ಕಲ್ಲುಪ್ಪು. ಉಪ್ಪು ಬಿದ್ದ ಮೇಲೇ ಐಸಿಗೆ ಹಲ್ಲು ಬರುವುದು, ಆಮೇಲೇ ಒಳಗಿನ ಹಾಲು ಗಟ್ಟಿಯಾಗುವುದು. ಊರಲ್ಲೆಲ್ಲ ಮಿಷನ್ ಬಂದರೂ ನಮ್ಮದು ಕೈಯಲ್ಲಿ ತಿರುಗಿಸಿದ್ದು ಎಂದೇ ಜನ ಬರುವುದು. ಇವತ್ತು ಇವರು ತಿರುಗಿಸುತ್ತಾ ತಿರುಗಿಸುತ್ತಾ ನಿಲ್ಲಿಸುವುದನ್ನೇ ಮರೆತು, ಐಸ್ ಕ್ರೀಮು ಬೆಣ್ಣೆಗಟ್ಟಿತು. ಚಮಚಕ್ಕೆ ಜಿಡ್ಡು, ನಾಲಿಗೆಗೆ ಜಿಡ್ಡು. ಬೆಣ್ಣೆ ಮಾರುವ ಆಸೆ ಇದ್ದರೆ ಮೊದಲೇ ಹೇಳಬಾರದಿತ್ತೇ, ಹಸು ಕಟ್ಟುತ್ತಿದ್ದೆನಲ್ಲ ಅಂದೆ. ಇವರು ನಕ್ಕರು. ನಕ್ಕರೆ ಬಿಟ್ಟುಬಿಡುತ್ತೇನೆಂದು ಇವರಿಗೆ ಗೊತ್ತು.

ಮಾರ್ಚ್ ೯, ಭಾನುವಾರ

ಇವತ್ತು ಹೋಗಬೇಕಿದ್ದ ಮಾನ ಒಂದು ಚಮಚದಲ್ಲಿ ಉಳಿಯಿತು.

ಎದುರಿನ ದರ್ಜಿ ಊಟವಾದ ಮೇಲೆ ದಿನವೂ ಹಾಲುಕೆನೆಯ ಐಸ್ ಕ್ರೀಮ್ ತಿನ್ನಲು ಬರುತ್ತಾನೆ. ಹೊಸ ಡಬ್ಬಿ ಆಗಷ್ಟೇ ಇಳಿದಿತ್ತು. ನಾನು ರುಚಿ ನೋಡಿ ಹೂಂ ಅನ್ನದೆ ಡಬ್ಬಿ ಮುಂದಕ್ಕೆ ಹೋಗುವಂತಿಲ್ಲ, ಅದು ಮದುವೆಯಾದ ಹೊಸದರಿಂದ ನಡೆದುಬಂದದ್ದು. ಆದರೆ ನಾನು ಸ್ನಾನಕ್ಕೆ ಹೋಗಿದ್ದೆ, ಇವರು ಕಾಯಲಿಲ್ಲ. ಕೆಳಗೆ ಬರುವಾಗ ದರ್ಜಿ ಬಟ್ಟಲು ಹಿಡಿದುಕೊಂಡು ಸೂಜಿ ನುಂಗಿದವನ ಹಾಗೆ ನಿಂತಿದ್ದ. ನಾನೂ ಬಾಯಿಗಿಟ್ಟೆ. ಉಪ್ಪು. ಐಸಿನ ಮೇಲೆ ಬೀಳಬೇಕಾದದ್ದು ಹಾಲಿನೊಳಗೆ ಬಿದ್ದಿದೆ.

ಈ ಕಸುಬಿನಲ್ಲಿ ಎಳೆಮಗುವೂ ಕಲಿಯುವ ಮೊದಲ ಪಾಠ: ಉಪ್ಪು ಹೊರಗೆ, ಸಕ್ಕರೆ ಒಳಗೆ. ಅದನ್ನು ಇವರೇ ನನಗೆ ಕಲಿಸಿದ್ದು. ಕಲಿಸುವಾಗ ಒಂದು ಕುಚೋದ್ಯವನ್ನೂ ಸೇರಿಸಿದ್ದರು: ನೀನು ಹೊರಗಿನ ಉಪ್ಪು ಕಣೇ, ನೀನು ಹೊರಗೆ ನಿಂತು ಕಚ್ಚಿದರೇ ಒಳಗಿರೋ ನಾನು ಗಟ್ಟಿಯಾಗೋದು.

ದರ್ಜಿಯ ಮುಖ ನೋಡಿ ನಾಲಿಗೆ ತಾನೇ ಹೊರಳಿತು. ಇದು ಹೊಸ ನಮೂನೆಯಪ್ಪ, ಉಪ್ಪು ಐಸ್ ಕ್ರೀಮು, ದೊಡ್ಡ ದೊಡ್ಡ ಊರಿನಲ್ಲಿ ಇದನ್ನೇ ತಿನ್ನುತ್ತಾರೆ, ನಿನ್ನ ನಾಲಿಗೆ ಇನ್ನೂ ಹಳೇ ಫ್ಯಾಷನ್ನಿನಲ್ಲೇ ಇದೆ ಅಂದೆ. ಫ್ಯಾಷನ್ ಅಂದ ಕೂಡಲೇ ದರ್ಜಿ ಬಟ್ಟಲು ಬಳಿದು ತಿಂದ. ಉಳಿದ ಡಬ್ಬಿಯನ್ನು ಮಗಳು ಬರುವ ಮೊದಲೇ ಬಚ್ಚಲಿಗೆ ಸುರಿದೆ.

ಮಗಳಿಗೆ ಯಾಕೆ ಹೇಳಲಿಲ್ಲವೆಂದರೆ, ಅವಳು ಆಗಲೇ ಎರಡು ಸಲ ಅಂದಿದ್ದಾಳೆ: ಅಪ್ಪನಿಗೆ ಆಗದಿದ್ದರೆ ಮಿಷನ್ ತರೋಣ, ಮೇಲೆ ಆರಾಮಾಗಿ ಇರಲಿ. ಆರಾಮಂತೆ. ಪೀಪಾಯಿ ಬಿಟ್ಟರೆ ಇವರಿಗೆ ಉಳಿಯುವುದು ನಾನೊಬ್ಬಳು. ನನ್ನನ್ನು ತಿರುಗಿಸಲು ಹಿಡಿ ಇಲ್ಲ.

ಮಾರ್ಚ್ ೧೧, ಮಂಗಳವಾರ

ದರ್ಜಿಯ ಬಾಯಿ ಅವನ ಕತ್ತರಿಗಿಂತ ಉದ್ದ. ಮಧ್ಯಾಹ್ನ ಒಂದು ಗುಂಪೇ ಬಂದು ಉಪ್ಪು ಐಸ್ ಕ್ರೀಮ್ ಎಲ್ಲಿ ಎಂದು ಕೇಳಿತು. ಮೊಮ್ಮಗಳು ಕುಣಿದುಕೊಂಡು ಹೋಗಿ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದೇಬಿಟ್ಟಳು: ಅಜ್ಜಿಯ ಉಪ್ಪು ಸ್ಪೆಷಲ್. ಆಡಿದ ಸುಳ್ಳಿಗೆ ಸೀರೆ ಉಡಿಸಿದ ಹಾಗಾಯಿತು.

ಈಗ ನಾನೇ ಒಂದು ಡಬ್ಬಿಗೆ ಚಿಟಿಕೆ ಉಪ್ಪು ಹಾಕುತ್ತೇನೆ. ಚೆನ್ನಾಗಿಯೇ ಇದೆ. ಇವರು ಹಾಕುವುದು ಮುಷ್ಟಿ ತುಂಬ. ಎಲ್ಲ ದಿನವೂ ಅಲ್ಲ, ಯಾವ ದಿನ ಎಂದು ಮೊದಲೇ ತಿಳಿಯುವುದಿಲ್ಲ. ಇವರ ಎದುರಿಗೆ ಕೂತು ಕೈ ಕಾಯುತ್ತೇನೆ. ಯಾಕೆ ನನ್ನೇ ನೋಡ್ತೀಯ, ಹೊಸದಾಗಿ ಮದುವೆಯಾದವಳ ಹಾಗೆ ಅಂದರು. ನೋಡುವುದಕ್ಕೆ ಏನಿದೆ ನಿಮ್ಮ ಮುಖದಲ್ಲಿ, ನೊಣ ಕೂತಿದೆಯಾ ಎಂದು ನೋಡುತ್ತಿದ್ದೆ ಅಂದೆ.

ಮಾರ್ಚ್ ೧೯, ಬುಧವಾರ

ಇವತ್ತು ಬಯ್ಯಲು ಏನೂ ಇಲ್ಲ. ಅದೃಷ್ಟ ಖುಲಾಯಿಸಿದೆ.

ಬೆಳಿಗ್ಗೆ ಕೆಳಗಿಳಿದು ಬಂದಾಗ ಇವರು ಹಿಡಿ ಬಿಟ್ಟು ಎದ್ದು ನಿಂತು, "ಬನ್ನಿ, ಕೂತ್ಕೊಳ್ಳಿ," ಅಂದರು. ಹೆಗಲ ಮೇಲಿನ ಟವಲಿನಲ್ಲಿ ಮಣೆ ಒರೆಸಿಯೂ ಕೊಟ್ಟರು. ಏನೇ, ಬಾರೇ, ಎಲ್ಲಿ ಸತ್ತೆ ಇಷ್ಟನ್ನೇ ಕೇಳಿಕೊಂಡು ಹಲ್ಲು ಉದುರಿಸಿಕೊಂಡವಳು ನಾನು. ಬಹುವಚನ ಬರುವ ಹೊತ್ತಿಗೆ ತಲೆಯಲ್ಲಿ ಒಂದು ಕರಿಕೂದಲಿಲ್ಲ. ಇರಲಿ, ತಡವಾಗಿ ಬಂದರೂ ಮರ್ಯಾದೆ ಮರ್ಯಾದೆಯೇ. ಸೆರಗು ಹೊದ್ದು ಗತ್ತಿನಿಂದ ಕೂತೆ. ಮಗಳಿಗೆ ಹೇಳಿದೆ, ನೋಡು ನಿಮ್ಮಪ್ಪ ಈಗ ಕಲಿತರು ಎಂದು. ಅವಳು ನಗಲಿಲ್ಲ. ಈ ಕಾಲದವರಿಗೆ ತಮಾಷೆ ತಿಳಿಯುವುದಿಲ್ಲ.

ಮಾರ್ಚ್ ೩೦, ಭಾನುವಾರ

ಸಿಕ್ಕಿಬಿದ್ದೆ.

ಇವರು ನಿಂಬೆಯ ಡಬ್ಬಿಯನ್ನು ಕೆಡಿಸಿಟ್ಟಿದ್ದರು. ಅದನ್ನು ಬಚ್ಚಲಿಗೆ ಸುರಿದು ಹೊಸದಾಗಿ ಹಾಲು ಹೊಯ್ದು, ಉಪ್ಪು ಸ್ಪೆಷಲ್ಲಿಗೆಂದು ಉಪ್ಪಿನ ಚೀಲದೊಳಗೆ ಕೈ ಹಾಕಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು. ಬಚ್ಚಲಲ್ಲಿ ನಿಂಬೆ ಐಸ್ ಕ್ರೀಮು, ನನ್ನ ಮುಷ್ಟಿಯಲ್ಲಿ ಕಲ್ಲುಪ್ಪು, ಮುಂದೆ ಹಾಲು. ಅವಳು ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಹತ್ತಿರ ಬಂದು ನನ್ನ ಕೈ ಬಿಡಿಸಿ ಉಪ್ಪನ್ನು ಚೀಲಕ್ಕೆ ಹಾಕಿದಳು. "ಎಷ್ಟು ದಿನದಿಂದ ಹೀಗಾಗ್ತಿದೆ ಅಮ್ಮಾ?" ಅಂದಳು. ಮಗುವನ್ನು ಕೇಳುವ ಹಾಗೆ.

ಆಗ ತಿಳಿಯಿತು. ತಲೆ ಕೆಟ್ಟಿರುವುದು ನನಗೆ ಎಂದುಕೊಂಡಿದ್ದಾಳೆ.

ಇವರು ಪಕ್ಕದಲ್ಲೇ ತಣ್ಣಗೆ ಹಿಡಿ ತಿರುಗಿಸುತ್ತಿದ್ದರು.

ಏಪ್ರಿಲ್ ೧, ಮಂಗಳವಾರ

ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ನನ್ನದು ಎಂದರೆ ನನ್ನನ್ನು ಮೇಲೆ ಕೂರಿಸುತ್ತಾರೆ, ಇವರದು ಎಂದರೆ ಇವರನ್ನು. ನನಗೆ ಮೇಲಾದರೇನು ಕೆಳಗಾದರೇನು, ಬಾಯಿ ಎಲ್ಲಿ ಕೂತರೂ ಆಡುತ್ತದೆ. ಇವರ ಕೈಗೆ ಒಂದೇ ಕೆಲಸ ಗೊತ್ತು.

ಅದಕ್ಕೆ ಮಗಳು ಇವತ್ತು ಒಲೆ ಆರಿಸಿದ್ದೀಯಾ ಎಂದು ಕೇಳಿದಾಗ ಯಾವ ಒಲೆ ಅಂದೆ. ಮೊಮ್ಮಗಳನ್ನು ಬೇಕೆಂದೇ ಅವಳ ಅಮ್ಮನ ಹೆಸರಿನಿಂದ ಕರೆದೆ. ಅವಳ ಕಣ್ಣು ತುಂಬಿತು. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನ ಸುಳ್ಳು ಮನೆಯವರನ್ನೆಲ್ಲ ತುಳಿದುಕೊಂಡು ಓಡುತ್ತಿದೆ.

ಏಪ್ರಿಲ್ ೮, ಮಂಗಳವಾರ

ಹಿಂದಿನ ಕೋಣೆಗೆ ನನಗೆ ಪ್ರವೇಶ ಇಲ್ಲ. ಮಗಳೇ ಅಳೆದು ಡಬ್ಬಿ ತುಂಬಿ ಕೊಡುತ್ತಾಳೆ, ಇವರು ತಿರುಗಿಸುತ್ತಾರೆ, ಮೊಮ್ಮಗಳು ರುಚಿ ನೋಡುತ್ತಾಳೆ. ಅವಳಿಗೆ ಎಲ್ಲವೂ ಸೂಪರ್ರೇ. ನಾನು ಮೆಟ್ಟಿಲ ಮೇಲಿಂದ ಹಿಡಿಯ ಸದ್ದು ಕೇಳುತ್ತೇನೆ. ಹಾಲು ನೀರಾಗಿದ್ದಾಗ ಒಂದು ಸದ್ದು, ಗಟ್ಟಿಯಾಗುವಾಗ ಇನ್ನೊಂದು. ಸದ್ದು ಭಾರವಾಗಿ ನಿಂತರೆ ಸರಿಯಾಗಿದೆ ಎಂದು ಅರ್ಥ. ಸರಿಯಾಗಿಯೇ ನಿಲ್ಲುತ್ತಿದೆ.

ಮುಂದಿನ ವಾರ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರಂತೆ. ಹೋಗೋಣ. ನಾಟಕ ಶುರು ಮಾಡಿದ ಮೇಲೆ ಬಣ್ಣ ಹಚ್ಚಿಕೊಳ್ಳಲು ನಾಚಿಕೆಯೇಕೆ.

ಏಪ್ರಿಲ್ ೧೫, ಮಂಗಳವಾರ

ಡಾಕ್ಟರು ಚಿಕ್ಕ ವಯಸ್ಸಿನವನು, ತಾಳ್ಮೆಯವನು. ಒಬ್ಬರನ್ನೇ ಮನೆಯಲ್ಲಿ ಬಿಡುವುದು ಬೇಡವೆಂದು ಮಗಳು ಇವರನ್ನೂ ಕರೆತಂದಿದ್ದಳು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಗೋಡೆಯ ಮೇಲಿನ ಫ್ಯಾನನ್ನು ನೋಡುತ್ತಿದ್ದರು.

ಇವತ್ತು ಯಾವ ವಾರ ಎಂದು ಡಾಕ್ಟರು ಕೇಳಿದ. ಭಾನುವಾರ ಅಂದೆ. ಯಾವ ತಿಂಗಳು ಅಂದ. ಓದಿದವರು ನೀವು, ನನ್ನ ಯಾಕೆ ಕೇಳ್ತೀರಿ ಅಂದೆ. ಗಡಿಯಾರ ಬರೆಯಿರಿ ಎಂದು ಕಾಗದ ಕೊಟ್ಟ, ಬದನೆಕಾಯಿಯ ಹಾಗೆ ಏನನ್ನೋ ಬರೆದುಕೊಟ್ಟೆ. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಹಿಂದೆ ಮಗಳು ಮೂಗು ಎಳೆಯುವುದು ಕೇಳಿದರೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಮುಗಿಯುತ್ತಿತ್ತು.

ಆಮೇಲೆ ಡಾಕ್ಟರು, "ನಿಮ್ಮ ಪಕ್ಕ ಕೂತಿದ್ದಾರಲ್ಲ, ಇವರು ಯಾರು?" ಅಂದ.

ಗೊತ್ತಿಲ್ಲ ಅಂದುಬಿಟ್ಟಿದ್ದರೆ ಕೆಲಸ ಪೂರ್ತಿಯಾಗುತ್ತಿತ್ತು. ಬಾಯಿ ತೆರೆದೆ. ಇಷ್ಟು ವರ್ಷ ಯಾರಿಗೂ ಹೆದರದ ಈ ನಾಲಿಗೆ ಆ ಒಂದು ಮಾತಿಗೆ ಏಳಲಿಲ್ಲ.

"ನಮ್ಮವರು," ಅಂದೆ.

ಡಾಕ್ಟರು ನಕ್ಕ. ಇಲ್ಲಿಯವರೆಗೆ ಒಂದಾದರೂ ಸರಿ ಉತ್ತರ ಬಂತಲ್ಲ ಎಂದು ಅವನಿಗೂ ಸಮಾಧಾನವಾಗಿರಬೇಕು. ಮಾತು ಹಗುರ ಮಾಡಲೆಂದು ಇವರ ಕಡೆ ತಿರುಗಿದ. "ನೀವು ಹೇಳಿ ತಾತ, ಇವರು ನಿಮಗೆ ಏನಾಗಬೇಕು?"

ಇವರು ನನ್ನನ್ನು ನೋಡಿದರು. ಮೆತ್ತಗೆ, ಸಂಕೋಚದಿಂದ ನೋಡಿದರು. ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗಲೂ ಇಷ್ಟು ಸಂಕೋಚ ಪಟ್ಟಿರಲಿಲ್ಲ.

"ನಮ್ಮ ಅಂಗಡಿಗೆ ದಿನಾ ಬರ್ತಾರೆ," ಅಂದರು. "ಬಾಯಿ ಸ್ವಲ್ಪ ಜೋರು. ಒಳ್ಳೆಯವರು."

ಡಾಕ್ಟರು ನನ್ನ ಕಾಗದ ಪಕ್ಕಕ್ಕಿಟ್ಟು, ಕುರ್ಚಿಯನ್ನು ಇವರ ಎದುರಿಗೆ ಎಳೆದುಕೊಂಡ.

ಮನೆಗೆ ಬರುವ ದಾರಿಯಲ್ಲಿ, ನಮ್ಮ ಬೀದಿಯ ತಿರುವಿನಲ್ಲಿ, ಮಗಳು ನನ್ನ ಮುಖ ನೋಡದೆ ಕೇಳಿದಳು: "ಅಮ್ಮಾ, ಇವತ್ತು ಯಾವ ವಾರ?"

ಮಂಗಳವಾರ, ಅಂದೆ.

ಏಪ್ರಿಲ್ ೧೬, ಬುಧವಾರ

ಬನ್ನಿ, ಕೂತ್ಕೊಳ್ಳಿ ಅಂದದ್ದು ಮರ್ಯಾದೆಗಲ್ಲ.

ಏಪ್ರಿಲ್ ೨೮, ಸೋಮವಾರ

ಮಿಷನ್ ಬಂತು. ಎರಡಾಳು ಹೊತ್ತು ತಂದು ಹಿಂದಿನ ಕೋಣೆಯಲ್ಲಿಟ್ಟರು. ಪೀಪಾಯಿಯನ್ನು ಮೆಟ್ಟಿಲ ಕೆಳಗೆ ಸರಿಸಿ ಅದರ ಮೇಲೆ ಹಳೇ ಕಂಬಳಿ ಹೊದಿಸಿದರು. ಗುಂಡಿ ಒತ್ತಿದರೆ ಅದು ಗುಂಯ್ ಅನ್ನುತ್ತದೆ, ಒಂದೇ ಸಮ, ಮೊದಲಿಂದ ಕೊನೆಯವರೆಗೆ. ಹಾಲು ಗಟ್ಟಿಯಾದರೂ ಆ ಸದ್ದು ಬದಲಾಗುವುದಿಲ್ಲ.

ಅದರ ಐಸ್ ಕ್ರೀಮು ಕೆಟ್ಟದಾಗಿದೆ ಎಂದು ಬರೆಯಬೇಕೆಂದೇ ಪೆನ್ನು ಹಿಡಿದೆ. ಚೆನ್ನಾಗಿದೆ. ನುಣ್ಣಗಿದೆ. ದರ್ಜಿಯೂ ಬಟ್ಟಲು ಬಳಿದು ತಿಂದ. ಅವನನ್ನು ಬಯ್ಯಬಹುದಿತ್ತು, ಬಯ್ಯಲಿಲ್ಲ.

ಮೇ ೬, ಮಂಗಳವಾರ

ಇವರು ಮೇಲೆ ಕಿಟಕಿಯ ಹತ್ತಿರ ಕೂತಿರುತ್ತಾರೆ. ಬಲಗೈ ತೊಡೆಯ ಮೇಲೆ ತಿರುಗುತ್ತಲೇ ಇರುತ್ತದೆ, ಗಾಳಿಯಲ್ಲಿ ಹಿಡಿ ಇದ್ದ ಹಾಗೆ. ಪಂಚೆಯ ಆ ಜಾಗ ಆಗಲೇ ಸವೆಯತೊಡಗಿದೆ. ಹೋಗಿಬರುವವರನ್ನೆಲ್ಲ ಐಸು ಬಂತಾ ಎಂದು ಕೇಳುತ್ತಾರೆ. ಐಸು ಬಂದರೆ ಹೇಳಿ, ಕರಗಿಹೋಗುತ್ತೆ ಅನ್ನುತ್ತಾರೆ. ಐಸಿನವನು ಬರುವುದು ನಿಂತು ಒಂದು ವಾರವಾಯಿತು.

ಪೀಪಾಯಿಯನ್ನು ಹೊರಗೆ ತೆಗೆ ಎಂದು ಮಗಳಿಗೆ ಹೇಳಿದೆ. ಮಾರುವುದಕ್ಕಲ್ಲ, ಅವರು ತಿರುಗಿಸಲಿ ಅಷ್ಟೇ. ಮಗಳು ಒಪ್ಪಲಿಲ್ಲ. "ಅಮ್ಮಾ, ಆಟದ ಸಾಮಾನು ಕೊಟ್ಟ ಹಾಗೆ ಆಗಲ್ವಾ? ಅಪ್ಪನಿಗೆ ಅವಮಾನ," ಅಂದಳು.

"ಅವಮಾನ ನೋಡೋರಿಗೆ. ಅವರಿಗೆ ಕೆಲಸ," ಅಂದೆ.

ಹಾಗಾದರೆ ಖಾಲಿ ಡಬ್ಬಿ ಇಡೋಣ ಅಂದಳು. ಅದೂ ಬೇಡ ಅಂದೆ. ಖಾಲಿ ಡಬ್ಬಿ ತಿರುಗಿಸಿದರೆ ಕೈಗೆ ತಿಳಿಯುತ್ತದೆ. ತಲೆ ಬಿಟ್ಟುಕೊಟ್ಟದ್ದನ್ನು ಕೈ ಇನ್ನೂ ಬಿಟ್ಟುಕೊಟ್ಟಿಲ್ಲ. ಹಾಲೇ ಹಾಕಬೇಕು, ಸಕ್ಕರೆ ಹಾಕಬೇಕು, ತಿರುಗಿಸುತ್ತಾ ಭಾರವಾಗಬೇಕು. ಮಗಳು ಅಳುವುದಕ್ಕೆಂದು ನೀರು ಬಿಟ್ಟುಕೊಂಡು ಪಾತ್ರೆ ತೊಳೆದಳು. ತೊಳೆದ ಪಾತ್ರೆಗಳನ್ನೇ ತೊಳೆದಳು.

ಮೇ ೧೪, ಬುಧವಾರ

ಚಿಕ್ಕ ಡಬ್ಬಿ. ಮಗಳು ಅಳೆದು ತುಂಬಿದಳು, ಮೊಮ್ಮಗಳು ಮುಚ್ಚಳಕ್ಕೆ ಬಟ್ಟೆ ಸುತ್ತಿ ಬಿಗಿದಳು, ಉಪ್ಪು ಎಲ್ಲಿ ಬಿದ್ದರೂ ಒಳಗೆ ಹೋಗದ ಹಾಗೆ. ಇವರು ಪೀಪಾಯಿಯ ಮುಂದೆ ಕೂತರು. ಕೂತ ಕೂಡಲೇ ಬೆನ್ನು ನೆಟ್ಟಗಾಯಿತು. ಐಸು, ಅದರ ಮೇಲೆ ಉಪ್ಪು, ಮತ್ತೆ ಐಸು. ಒಂದು ಹರಳೂ ತಪ್ಪಲಿಲ್ಲ. ಹಿಡಿ ಭಾರವಾದಾಗ ನಿಲ್ಲಿಸಿ, ಕಿವಿಯನ್ನು ಡಬ್ಬಿಗೆ ಕೊಟ್ಟು, ಬಂತು ಅಂದರು.

ನಾನು ಎದುರಿಗೇ ಇದ್ದೆ. ನನ್ನನ್ನೇ ಕೇಳಿದರು: "ನಮ್ಮವಳನ್ನ ಸ್ವಲ್ಪ ಕರೀತೀರಾ? ಅವಳು ರುಚಿ ನೋಡ್ಬೇಕು."

ಮೇಲೆ ಹೋದೆ. ಮುಖ ತೊಳೆದುಕೊಂಡೆ. ಸೀರೆಯ ನೆರಿಗೆ ಸರಿಮಾಡಿಕೊಂಡೆ. ಹಳೇ ಪೆಟ್ಟಿಗೆಯಲ್ಲಿದ್ದ, ಇವರಿಗೆ ಇಷ್ಟವಾಗುತ್ತಿದ್ದ ಬಳೆಗಳನ್ನೂ ಹಾಕಿಕೊಂಡೆ. ಮೆಟ್ಟಿಲು ಇಳಿದು ಬಂದು ಎದುರಿಗೆ ನಿಂತೆ.

ಇವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಕತ್ತು ಬಾಗಿಸಿ ನೋಡಿದರು.

"ಸಿಕ್ಕಿದ್ಲಾ?" ಅಂದರು.

ಇಲ್ಲ ಅಂದೆ.

ಮೇ ೨೫, ಭಾನುವಾರ

ಇವತ್ತು ಅಂಗಡಿಗೆ ರಜೆ. ಮಗಳೂ ಮೊಮ್ಮಗಳೂ ಹೊರಗೆ ಹೋಗಿದ್ದರು. ಮಿಷನ್ ಸುಮ್ಮನಿತ್ತು. ಡಬ್ಬಿ ತುಂಬಿಸಿಟ್ಟು ಹೋಗಿದ್ದರಿಂದ ನಾನೇ ಇವರ ಕೈ ಹಿಡಿದು ಇಳಿಸಿಕೊಂಡು ಬಂದೆ. ನಾನು ಐಸು ಒಡೆಯುವುದನ್ನು ಇವರು ಕೂತು ನೋಡುತ್ತಿದ್ದರು.

ಕೆಲಸಕ್ಕೆ ಬಂದಿದ್ದೀರಾ ಎಂದು ಕೇಳಿದರು.

ಮೊದಲಾಗಿದ್ದರೆ ಇದಕ್ಕೆ ಎಂಥ ಉತ್ತರ ಕೊಡುತ್ತಿದ್ದೆನೋ. ಹೌದು ಯಜಮಾನರೇ ಅಂದೆ.

ಹತ್ತಿರ ಬನ್ನಿ, ಹೇಳಿಕೊಡುತ್ತೇನೆ ಅಂದರು. ಮಣೆಯಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟರು. ಐಸು ಕಾಳಿನಷ್ಟೂ ಸಣ್ಣ ಆಗಬಾರದು, ಮುಷ್ಟಿಯಷ್ಟೂ ದೊಡ್ಡದಿರಬಾರದು ಅಂದರು. ಮೊದಲು ನಿಧಾನ, ಆಮೇಲೆ ಬೇಗ, ಕೊನೆಗೆ ಮತ್ತೆ ನಿಧಾನ ಅಂದರು. ಭುಜದಿಂದ ತಿರುಗಿಸಿ, ಮಣಿಕಟ್ಟಿನಿಂದ ತಿರುಗಿಸಿದರೆ ನೋವು ಬರುತ್ತೆ ಎಂದು ನನ್ನ ಕೈಯನ್ನು ಹಿಡಿಯ ಮೇಲಿಟ್ಟು, ಅದರ ಮೇಲೆ ತಮ್ಮ ಕೈ ಇಟ್ಟು, ಕೂಡಲೇ ಪರರ ಹೆಣ್ಣೆಂದು ನೆನಪಾದವರ ಹಾಗೆ ತೆಗೆದರು. ತಪ್ಪು ತಿಳ್ಕೋಬೇಡಿ ಅಂದರು. ಇಲ್ಲ ಅಂದೆ. ನನಗೆ ಬರುವ ಕೆಲಸವನ್ನೆಲ್ಲ ಬಾರದವಳ ಹಾಗೆ ಮಾಡಿದೆ. ಉಪ್ಪು ಎಲ್ಲಿಗೆ ಹಾಕಬೇಕು ಎಂದೂ ಕೇಳಿದೆ. ತಾಳ್ಮೆಯಿಂದ ತೋರಿಸಿಕೊಟ್ಟರು.

ತಿರುಗಿಸುತ್ತಾ ತಿರುಗಿಸುತ್ತಾ ಹಿಡಿ ಭಾರವಾಯಿತು. ಇವರು ಕೇಳಿದರು:

"ಮನೆಯಲ್ಲಿ ಯಾರಿದ್ದಾರೆ?"

"ನಮ್ಮ ಯಜಮಾನರು ಇದ್ದಾರೆ."

"ಏನು ಕೆಲಸ ಅವರಿಗೆ?"

"ಐಸ್ ಕ್ರೀಮ್ ಮಾಡ್ತಾರೆ."

ತಿರುಗುತ್ತಿದ್ದ ಹಿಡಿಯನ್ನು ಇವರು ತಡೆದು ನಿಲ್ಲಿಸಿದರು. ನಮ್ಮ ಕಸುಬಿನವರೇ ಅಂದರು, ಮುಖ ಅರಳಿತು. ಆಮೇಲೆ ಹುಬ್ಬು ಗಂಟಾಯಿತು. "ಹಾಗಾದ್ರೆ ನೀವು ಅವರ ಹತ್ತಿರಾನೇ ಇರೋದು ಬಿಟ್ಟು ಇಲ್ಲಿಗ್ಯಾಕಮ್ಮ ಬಂದ್ರಿ? ಜಗಳ ಆಡಿಕೊಂಡ್ರಾ?"

ಇಲ್ಲ, ಜಗಳ ಆಡದೇ ಬಹಳ ದಿನ ಆಯಿತು ಅಂದೆ.

ಇವರು ತಲೆಯಾಡಿಸಿದರು. ಯಾರ ಮನೆಯ ಕಷ್ಟಕ್ಕೂ ಹೀಗೇ ತಲೆಯಾಡಿಸುತ್ತಿದ್ದವರು. ನನ್ನ ಕೈಯ ಐಸು ನೀರನ್ನು ಒರೆಸಿಕೊಳ್ಳಲು ಹೆಗಲ ಮೇಲಿನ ಟವಲು ಕೊಟ್ಟು, ತಗ್ಗಿದ ದನಿಯಲ್ಲಿ ಹೇಳಿದರು: "ನೀವು ಬೇಜಾರು ಮಾಡ್ಕೋಬೇಡಿ. ನಾಳೆ ಅವರನ್ನ ಇಲ್ಲಿಗೆ ಕರ್ಕೊಂಡು ಬನ್ನಿ. ನಾನು ಮಾತಾಡ್ತೀನಿ. ನಾನು ಹೇಳಿದ್ರೆ ಕೇಳ್ತಾರೆ."

ಹೂಂ ಅಂದೆ. ಕರೆದುಕೊಂಡು ಬರುತ್ತೇನೆ ಅಂದೆ.